ಆಸಿಡ್ ಹಾಕಿದ ಮನೆ

ಹಲಸೂರಿನ ಒಂದು ಮನೆಯಲ್ಲಿ ಕಟ್ಟಿಕೊಂಡಿದ್ದ ಕಮೋಡಿಗೆ ಮನೆಯವರು ಮೊದಲೇ ಒಂದು ಬಾಟಲಿ ಆಸಿಡ್ ಸುರಿದಿದ್ದರು. ಅದನ್ನು ಪ್ಲಂಬರ್ ಭಗವಂತರಾಯನಿಗೆ ಯಾರೂ ಹೇಳಲಿಲ್ಲ. ಅವನು ರಬ್ಬರ್ ಪಂಪು ಒತ್ತಿದ ಒಂದೇ ಏಟಿಗೆ ಆಸಿಡ್ ಮುಖಕ್ಕೆ ಹಾರಿತು. ತೊಂಬತ್ತೆಂಟರ ಬೇಸಿಗೆಯ ಮಾತು. ಎರಡು ಕಣ್ಣೂ ಹೋದವು, ಮೂಗಿಗೆ ವಾಸನೆ ತಿಳಿಯದಾಯಿತು.

ಮೂರು ತಿಂಗಳು ಅವನು ಟಿನ್ ಫ್ಯಾಕ್ಟರಿ ಹಿಂದಿನ ಬಾಡಿಗೆ ಕೋಣೆಯಲ್ಲಿ ಬಿದ್ದುಕೊಂಡಿದ್ದ. ಯಾದಗಿರಿಗೆ ವಾಪಸು ಹೋಗೋಣವೆಂದು ಹೆಂಡತಿ ರೇವತಿ ಕೇಳಿದಾಗಲೆಲ್ಲ ಮುಸುಕೆಳೆದುಕೊಳ್ಳುತ್ತಿದ್ದ. ಒಂದು ದಿನ ವಠಾರದ ಕಕ್ಕಸಿನ ಟ್ಯಾಂಕು ನಿಲ್ಲದೆ ಸೋರುತ್ತಿದ್ದಾಗ ಮಲಗಿದಲ್ಲಿಂದಲೇ, "ರೇವತಿ, ಅದರ ವಾಷರ್ ಸವದದ. ಹೋಗಿ ಬಿಚ್ಚು, ನಾ ಹೇಳ್ತೀನಿ," ಎಂದ. ಅವಳು ಬಿಚ್ಚಿದಳು.

ಅಲ್ಲಿಂದ ಶುರುವಾಯಿತು. ಮನೆಮನೆಯ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಅವನು ಕಿವಿಗೊಡುತ್ತಿದ್ದ. ಸಣ್ಣಗೆ ಸುರಿದರೆ ವಾಷರ್, ಗುಳುಗುಳು ಎಂದರೆ ಗಾಳಿಯ ಪೈಪು ಕಟ್ಟಿದೆ. ಕೆಲಸ ಅವಳ ಕೈಯದು. ಹೆಂಗಸೇ ಎಂದು ಮೂಗು ಮುರಿದವರೂ ಬೇರೆ ಯಾರೂ ಸಿಗದಾಗ ಒಳಗೆ ಬಿಟ್ಟುಕೊಂಡರು.

ಜೋಗುಪಾಳ್ಯದ ಸುಕನ್ಯ ಕರೆಸಿದ್ದೂ ಹಾಗೆಯೇ. ಮಧ್ಯಾಹ್ನ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕಮೋಡು ಅಂಚಿನವರೆಗೆ ತುಂಬಿ ನಿಂತಿತ್ತು.

"ಒಳಗ ಏನಾರ ಹಾಕೀರೇನ್ರಿ ಅಮ್ಮಾ?" ಭಗವಂತರಾಯ ಕೇಳಿದ. ಯಾವ ಮನೆಯಲ್ಲೂ ಅವನ ಮೊದಲ ಮಾತು ಅದೇ.

"ಏನೂ ಹಾಕಿಲ್ಲಪ್ಪ. ಬೇಗ ಮಾಡ್ಕೊಡಿ."

ರೇವತಿ ಬಗ್ಗಿದಳು. ಫಿನಾಯಿಲಿನ ವಾಸನೆ ಗಮ್ಮೆನ್ನುತ್ತಿತ್ತು. ಕಮೋಡಿನ ಬುಡದ ಸಿಮೆಂಟಿನ ಮೇಲೆ ಚೆಲ್ಲಿದ್ದ ಹನಿಗಳು ಇನ್ನೂ ಬುಸುಬುಸು ನೊರೆ ಬಿಡುತ್ತಿದ್ದವು. ಪಂಪು ಅವಳ ಕೈಯಿಂದ ಜಾರಿತು.

"ಆಸಿಡ್ ಹಾಕ್ಯಾರ್ರೀ!"

ಸುಕನ್ಯಳ ಮುಖ ಇಳಿಯಿತು. "ಒಂದೇ ಬಾಟ್ಲು ಕಣಮ್ಮ. ಹೇಳಿದ್ರೆ ವಾಪಸ್ ಹೋಗ್ಬಿಡ್ತೀರ ಅಂತ..."

"ಇವ್ರ ಮುಖ ನೋಡಿದ ಮ್ಯಾಲೂ ಹೇಳ್ಬೇಕನಿಸ್ಲಿಲ್ಲೇನ್ರಿ ನಿಮಗ?" ರೇವತಿ ಚೀಲ ಎತ್ತಿಕೊಂಡಳು. "ನಡೀರಿ ಮನಿಗಿ."

ಭಗವಂತರಾಯ ಹೊರಡಲಿಲ್ಲ. ಗೋಡೆ ತಡವಿಕೊಂಡು ಒಳಗೆ ಬಂದು, ಕಾಲಿನಿಂದ ಪಂಪು ಹುಡುಕಿದ. "ನೀ ಹೊರಗ ನಿಂದ್ರು."

"ಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

"ಇನ್ನೇನು ಹೋಗೂದದ ನಂದು? ಐದು ತಿಂಗಳಾತು ನಿನ್ನ ಹಿಂದ ತಿರುಗಾಕತ್ತಿ. ಇದೊಂದು ನನಗ ಬಿಡು."

ಅವಳು ಮೊಣಕೈ ಹಿಡಿದೆಳೆದಳು. ಅವನು ಕೊಡವಿದ ರಭಸಕ್ಕೆ ಅವಳು ಬಾಗಿಲ ಚೌಕಟ್ಟಿಗೆ ಹೋಗಿ ಬಡಿದುಕೊಂಡಳು. ಅಷ್ಟರಲ್ಲಿ ಅವನು ಮುಖಕ್ಕೆ ಟವೆಲು ಸುತ್ತಿಕೊಂಡು ಒತ್ತತೊಡಗಿದ್ದ. ಐದಾರು ಸಲ ಒತ್ತಿದ ಮೇಲೆ ಏನೋ ಸಡಿಲವಾಯಿತು. ಅವನು ಕೈ ಹಾಕಿ ಒಂದು ಉದ್ದನೆಯ ಬಟ್ಟೆ ಎಳೆದ. ನೀರು ಗಡಗಡನೆ ಇಳಿಯಿತು.

"ಬಟ್ಟಿ ತುರುಕ್ಯಾರ! ನೋಡಿದೇನು?" ಟವೆಲಿನ ಒಳಗಿಂದ ಬಂದ ಆ ದನಿ ಅವನ ಹಳೆಯ ದನಿಯೇ. ರೇವತಿ ಎಷ್ಟೋ ತಿಂಗಳಿಂದ ಅದನ್ನು ಕೇಳಿರಲಿಲ್ಲ.

ಅವಳು ಅವನ ಕೈಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದಳು. ಆಗ ಅವನು ಚೀರಿದ. ಮೂರು ಬೆರಳುಗಳ ತುದಿ ಬೆಳ್ಳಗೆ ಬೆಂದಿದ್ದವು. ನಡುಮನೆಯಿಂದ ಊದುಬತ್ತಿಯ ಹೊಗೆ ಬರುತ್ತಿತ್ತು.

"ಮುಗೀತಾ?" ಸುಕನ್ಯ ಕೂಗಿದಳು. "ಅವರು ಬರೋ ಹೊತ್ತಾಯ್ತು!"

ಮಾರನೆಯ ದಿನ ಅವನ ಕೈಗೆ ಬ್ಯಾಂಡೇಜು ಕಟ್ಟಿಸಿ, ರೇವತಿ ರಿಚರ್ಡ್ಸ್ ಟೌನಿನ ಒಂದು ಮನೆಗೆ ಒಬ್ಬಳೇ ಹೋದಳು. ಅಲ್ಲಿ ಫ್ಲಶ್ ಟ್ಯಾಂಕು ತುಂಬಿ ಹರಿಯುತ್ತಿತ್ತು. ಮುಚ್ಚಳ ತೆಗೆದು, ತೇಲುವ ಚೆಂಡಿನ ಕಡ್ಡಿಯನ್ನು ಕೆಳಗೆ ಬಗ್ಗಿಸಿದಳು. ನೀರು ನಿಂತಿತು.

ಕೋಣೆಗೆ ಮರಳಿದಾಗ ಅವನು ಎದ್ದು ಕೂತಿದ್ದ. "ಏನಾಗಿತ್ತು?"

ಅವಳು ಹೇಳಿದಳು.

"ಕಡ್ಡಿ ಬಗ್ಗಿಸು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆರಳು ವಾಸಿಯಾದ ಮೇಲೂ ಯಾವ ಮನೆಗೂ ಅವಳ ಜೊತೆ ಬರಲಿಲ್ಲ.