ಮೂರನೇ ಗೂಡಿನ ಎಮರ್ಜೆನ್ಸಿ

"ಮತ್ತೆ ಬಂತೇನೇ ನಿಂಗೆ? ಹೊಟ್ಟೇಲಿ ಟ್ಯಾಂಕರ್ ಇಟ್ಕೊಂಡಿದ್ದೀಯಾ? ಮುಚ್ಕೊಂಡು ಕೂತ್ಕೋ."

ಮ್ಯಾನೇಜರನ ಮಾತು ಮೈಕಿನಲ್ಲಿ ಟೋಲ್ ಗೇಟಿನ ಉದ್ದಗಲಕ್ಕೂ ಕೇಳಿಸಿತು. ಚೀಟಿಗೆ ಕೈಚಾಚಿದ್ದ ಲಾರಿ ಡ್ರೈವರ್ ಹಲ್ಲು ಕಿರಿದ. ಟೋಲ್ ವಸೂಲಿಯ ಮೂರನೇ ಗೂಡಿನ ಕಿಲಕಿಲ ತೊಡೆಗೆ ತೊಡೆ ಒತ್ತಿ ಕೂತೇ ಗೇಟು ಎತ್ತಿದಳು. ಕಾಗೆ ಹಾರಿದರೂ ನಗುತ್ತಾಳೆಂದು ಅಕ್ಕಪಕ್ಕದ ಗೂಡಿನ ಹೆಂಗಸರು ಇಟ್ಟ ಹೆಸರು ಅದು. ಇವತ್ತು ನಕ್ಕರೆ ಕೆಟ್ಟಳು.

ರಾಜಧಾನಿಯಿಂದ ಪಕ್ಕದ ಪ್ರಾಂತ್ಯಗಳಿಗೆ ಓಡುವ ಆ ಹೆದ್ದಾರಿಯನ್ನು ನೋಡಲು ಕಂಪನಿಯ ದೊಡ್ಡ ಸಾಹೇಬರು ಬರುವವರಿದ್ದರು. ಅವರು ಬಂದುಹೋಗುವ ತನಕ ಯಾರೂ ಗೂಡು ಬಿಟ್ಟು ಏಳುವಂತಿಲ್ಲ. ಎದ್ದವಳಿಗೆ ನಾಳೆಯಿಂದ ಕೆಲಸವಿಲ್ಲ. ಹೆಂಗಸರ ಕಕ್ಕಸಿನ ಬೀಗದಕೈ ಮ್ಯಾನೇಜರನ ಸೊಂಟದಲ್ಲಿ ಜೋಲಾಡುತ್ತಿತ್ತು. ಹೋದ ವಾರ ಐದನೇ ಗೂಡಿನ ಹುಡುಗಿ ತಡೆಯಲಾರದೆ ಕೂತಲ್ಲೇ ಪ್ಯಾಂಟು ಒದ್ದೆ ಮಾಡಿಕೊಂಡಿದ್ದಳು. ಗೂಡಿನ ಕ್ಯಾಮೆರಾದಲ್ಲಿ ಸೆರೆಯಾದ ಅದನ್ನು ಅವನು ಚಹಾ ಹೀರುತ್ತ ಡ್ರೈವರುಗಳನ್ನೆಲ್ಲ ಕರೆದು ತೋರಿಸಿದ್ದ. ಹುಡುಗಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಪಕ್ಕದ ಗೂಡಿನಿಂದ ದೊಡ್ಡಕ್ಕ ಕತ್ತು ಚಾಚಿದಳು. "ಏನೇ, ಮುಖ ಸುಟ್ಟ ಬದನೆಕಾಯಿ ಆಗಿದೆ?"

"ನಗಿಸ್ಬೇಡ ಕಣಕ್ಕಾ, ಕಾಲಿಗೆ ಬೀಳ್ತೀನಿ."

"ಈ ರಸ್ತೆಗೆ ಅಂತ ನಿಮ್ಮತ್ತೆ ಹೊಲದ ಬಾವಿ ಮುಚ್ಚಿ ಅಲ್ವಾ ನಿನ್ನ ಗೂಡು ಕಟ್ಟಿದ್ದು? ಅಷ್ಟು ನೀರು ಎಲ್ಲಿ ಹೋಯ್ತು ಅಂತ ಯೋಚನೆ ಮಾಡ್ತಿದ್ದೆ. ಈಗ ಗೊತ್ತಾಯ್ತು ಬಿಡು."

ಕಿಲಕಿಲ ತುಟಿ ಕಚ್ಚಿದಳು. ನಗು ಮೂಗಿನಿಂದ ಬಂತು. ಅದರ ಬೆನ್ನಿಗೇ ಕೆಳಗೊಂದು ಹನಿ ಬೆಚ್ಚಗೆ ಜಾರಿಯೇಬಿಟ್ಟಿತು. ಕೂತಲ್ಲೇ ಕಾಲು ಕುಣಿಸತೊಡಗಿದಳು.

"ಏಯ್ ಮೂರನೇ ಗೂಡು," ಮೈಕು ಗೊರಗುಟ್ಟಿತು. "ಏನು ಕುಣೀತಿದ್ದೀಯೇ? ಎಲ್ಲಾ ಕಾಣ್ತಿದೆ. ಕುಣಿ ಕುಣಿ, ಸಾಹೇಬ್ರಿಗೂ ತೋರಿಸ್ತೀನಿ."

ದೊಡ್ಡಕ್ಕನ ಮುಖದ ನಗು ಆರಿತು. ಕಿಲಕಿಲಳದ್ದು ಆರಲಿಲ್ಲ. ಅದು ಹೊಕ್ಕುಳಿಂದ ಎದ್ದು, ಮೈಯೆಲ್ಲ ಹತ್ತಿಕೊಂಡು, ಬೆರಳ ತುದಿಗೆ ಬಂತು. ಮೇಜಿನ ಮೇಲೆ ಕೆಂಪು ಗುಂಡಿಯೊಂದಿತ್ತು. ಆಂಬುಲೆನ್ಸ್ ಬಂದಾಗ ಒತ್ತುವುದು. ಒತ್ತಿದರೆ ಗೇಟು ಮೇಲೇರಿ ಹಾಗೇ ನಿಲ್ಲುತ್ತದೆ, ಇಳಿಸಬೇಕಾದರೆ ಮ್ಯಾನೇಜರನೇ ಕೀಲಿ ಹಿಡಿದು ಬರಬೇಕು. ಅಂಗೈಯಿಟ್ಟು ಗುದ್ದಿದಳು.

ಗೂಡಿನ ಬಾಗಿಲು ಒದ್ದು ಓಡಿದಳು. ಹಿಂದೆ ಲಾರಿ, ಬಸ್ಸು, ಕಾರುಗಳು ಹಾರನ್ ಹೊಡೆಯುತ್ತ ಬಿಟ್ಟಿಯಾಗಿ ನುಗ್ಗುತ್ತಿದ್ದವು. ಎದುರಿನಿಂದ ಮ್ಯಾನೇಜರ್ ಏದುಸಿರು ಬಿಡುತ್ತ ಬಂದ.

"ಎಲ್ಲೇ ಆಂಬುಲೆನ್ಸು, ಬೇವರ್ಸಿ ಮುಂಡೆ?"

"ನಾನೇ ಸಾರ್. ದಾರಿ ಬಿಡಿ."

ಅವನ ಕಂಕುಳಡಿಯಲ್ಲೇ ನುಸುಳಿ ಕಂಪನಿ ಆಫೀಸಿನ ಗಾಜಿನ ಕಟ್ಟಡಕ್ಕೆ ನುಗ್ಗಿದಳು. ಸಾಹೇಬರಿಗೆಂದು ತೊಳೆದು, ಸೆಂಟು ಹೊಡೆದು, ಬಾಗಿಲು ತೆರೆದಿಟ್ಟಿದ್ದ ಕಕ್ಕಸು ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಹೋಗಿ ಚಿಲಕ ಹಾಕಿ ಕೂತಳು. ಆಮೇಲೆ ನಕ್ಕಳು, ನೋಡಿ, ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ಹೋಗುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ.

ಹೊರಗೆ ಇನ್ನೊಂದು ಗೇಟು ಎದ್ದ ಸದ್ದು. ಮತ್ತೊಂದು. ಚಪ್ಪಲಿಗಳ ಪಟಪಟ. ಬಾಗಿಲ ಮೇಲೆ ಎರಡು ತರಹದ ಬಡಿತ.

"ಬೇಗ ಏಳೇ, ನಮಗೂ ತಡಿಯೋಕಾಗ್ತಿಲ್ಲ," ಎಂದಳು ದೊಡ್ಡಕ್ಕ.

"ಹೊರಗೆ ಬಾರೇ, ದಮ್ಮಯ್ಯ," ಮ್ಯಾನೇಜರನ ದನಿ ಹೂತುಹೋಗಿತ್ತು. "ಸಾಹೇಬ್ರು ಬಂದ್ಬಿಟ್ರು. ಕಾರು ಇಳಿದವ್ರೇ ಕಕ್ಕಸು ಎಲ್ಲಿ ಅಂತಿದ್ದಾರೆ."

"ಇಲ್ಲೇ ಇದೆ ಅನ್ನಿ. ಹೆಂಗಸ್ರೆಲ್ಲ ಆದ್ಮೇಲೆ ಅವ್ರದ್ದು," ಎಂದು ಒಳಗಿನಿಂದ ಕಿಲಕಿಲ ನಲ್ಲಿಯನ್ನು ಪೂರಾ ತಿರುಗಿಸಿದಳು.