ಉಡುಗೊರೆಯ ಸೌದೆ

ಜುಲೈನಲ್ಲಿ ಓಕ್ ಎಲೆ ಉದುರಬಾರದು. ಆರ್ಲಿಸ್ ಅಕ್ಕನ ಅಂಗಳದ ತುಂಬ ಉದುರಿತ್ತು. ಒಂದನ್ನೆತ್ತಿ ನೋಡಿದೆ: ತುದಿ ಕಂದು, ತೊಟ್ಟಿನ ಕಡೆ ಇನ್ನೂ ಹಸಿರು. ವಿಸ್ಕಾನ್ಸಿನ್ನಿನಲ್ಲಿ ನಲವತ್ತು ವರ್ಷ ಮರ ಕಡಿದು ಬದುಕಿದ ನನಗೆ ಅಷ್ಟೇ ಸಾಕಿತ್ತು. ಆದರೂ ಒಂದು ಕೊಂಬೆಯ ತೊಗಟೆ ಸುಲಿದೆ. ಒಳಗೆಲ್ಲ ಕಪ್ಪು ಗೆರೆ. ಸೊರಗು ರೋಗ.

“ಮೇ ತಿಂಗಳಲ್ಲಿ ಕೊಂಬೆ ಕಡಿಸಿದ್ಯಾ?”

“ಹೂಂ ಕಣೋ. ಮೊಮ್ಮಗಳು ಸ್ಕೂಲ್ ಮುಗಿಸಿದ ಪಾರ್ಟಿಗೆ ಟೆಂಟ್ ಹಾಕ್ಬೇಕಿತ್ತು.”

ಮೈ ಉರಿಯಿತು. “ಮರ ಕಡಿಯೋನ ಅಕ್ಕ ಆಗಿ ಇಷ್ಟೂ ಗೊತ್ತಿಲ್ವಾ? ಹಸಿ ಗಾಯದ ರಸಕ್ಕೆ ಹುಳ ಬರ್ತವೆ, ಮೈಗೆ ಬೂಷ್ಟು ಮೆತ್ಕೊಂಡೇ ಬರ್ತವೆ. ಅದು ಮರದೊಳಗೆ ನೀರೇರೋ ದಾರಿ ಮುಚ್ಬಿಡುತ್ತೆ.”

“ಬೈಯೋಕೆ ಮಾತ್ರ ನಿಂಗೆ ಪುರುಸೊತ್ತು. ನಿಮ್ಮ ಭಾವ ನೆಟ್ಟ ಮರ. ಉಳಿಯುತ್ತಾ?”

“ಇಲ್ಲ. ಇನ್ನು ಮೂರು ವಾರ.”

ಅವಳು ಬೇಲಿಯಾಚೆ ಕಣ್ಣು ಹಾಯಿಸಿದಳು. “ಸುತ್ತ ಬರೀ ಜೋಳದ ಹೊಲ, ಬೇರೆ ಓಕ್ ಒಂದೂ ಇಲ್ಲ. ಹುಳ ಬೂಷ್ಟನ್ನ ಎಲ್ಲಿಂದ ಹೊತ್ಕೊಂಡು ಬಂತು?”

ಗ್ಯಾರೇಜಿನ ಪಕ್ಕದಲ್ಲಿ ಸೌದೆ ಪೇರಿಸಿತ್ತು. ಕ್ರಿಸ್‌ಮಸ್‌ಗೆ ನಾನೇ ಕೊಟ್ಟದ್ದು. ಹೋದ ಆಗಸ್ಟಿನಲ್ಲಿ ನನ್ನ ಹಿತ್ತಲ ಓಕ್ ಮೂರೇ ವಾರದಲ್ಲಿ ಒಣಗಿತ್ತು. ಮಳೆಯಿಲ್ಲದೆ ಸತ್ತಿತು ಎಂದು ನಾನೇ ತೀರ್ಪು ಕೊಟ್ಟು, ಕಡಿದು, ಸೀಳಿ, ಹಂಚಿದ್ದೆ. ಊರಿನ ಮರಗಳ ತೊಗಟೆಯೆಲ್ಲ ಸುಲಿದು ನೋಡುವವನು ನನ್ನದನ್ನು ಮುಟ್ಟಿಯೂ ನೋಡಿರಲಿಲ್ಲ. ಒಂದು ತುಂಡಿನ ಸಿಪ್ಪೆ ಎಬ್ಬಿಸಿದೆ. ಅಡಿಯಲ್ಲಿ ಒಣಗಿದ ದೋಸೆಯಂತೆ ಬೂದು ಬೂಷ್ಟು ಅಂಟಿತ್ತು. ಕೊಳೆತ ಸೇಬಿನ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು.

“ನನ್ನ ಸೌದೆಯಿಂದಲೇ ಅಕ್ಕ,” ಎಂದೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ಯಾರಿಗೆ ಕೊಟ್ಟಿದ್ದೆ, ವರ್ಲಿನ್?”

“ಚರ್ಚಿಗೆ. ಒಂದು ಟ್ರೇಲರ್ ತುಂಬ.”

ಚರ್ಚಿನ ಹಿಂದೆ ಸಮಾಧಿಗಳ ನಡುವೆ ಹತ್ತೊಂಬತ್ತು ಓಕ್ ಮರಗಳಿವೆ. ಬೇರಿಗೆ ಬೇರು ಬೆಸೆದುಕೊಂಡು ನಿಂತವು. ಒಂದಕ್ಕೆ ತಗುಲಿದರೆ ಸಾಲಿಗೆ ಸಾಲೇ ಹೋಗುತ್ತದೆ.

“ಅಲ್ಲಿ ಯಾರೂ ಕೊಂಬೆ ಕಡಿದಿಲ್ವಲ್ಲ?”

“ಕಡಿದಿಲ್ಲ. ಮೇ ತಿಂಗಳ ಗಾಳಿಗೆ ಒಂದು ಮುರೀತು. ಹುಳ ಕೂರದ ಹಾಗೆ ಗಾಯಕ್ಕೆ ಬಣ್ಣ ಬಳಿ ಅಂತ ಪಾದ್ರಿ ಅವತ್ತೇ ಫೋನ್ ಮಾಡಿದ್ರು.”

“ಬಳಿದ್ಯಾ?”

“ಮೀನು ಹಿಡಿಯೋ ಕಾಲ ಶುರುವಾಗಿತ್ತಕ್ಕ. ಕೆರೆಗೆ ಹೋದೆ. ಐದನೇ ದಿನ ಬಳಿದೆ.”

ಅವಳು ನನ್ನ ಟ್ರಕ್ ಹತ್ತಿ ಕುಳಿತಳು. ಚರ್ಚಿಗೆ ಓಡಿಸಿದೆ. ಅಪ್ಪ ಅಮ್ಮನ ಸಮಾಧಿಯ ಕಲ್ಲು ಗೇಟಿನಿಂದಲೇ ಕಾಣುತ್ತದೆ. ಅದರ ಮೇಲೆ ಎಲೆ ಬಿದ್ದಿತ್ತು, ಅರ್ಧ ಹಸಿರು.