ಗಾಜಿಲ್ಲದ ಕಣ್ಣು

ಸಾವಿರದ ಒಂಬೈನೂರ ಐವತ್ತೇಳರ ನವೆಂಬರ್, ಸೋಮವಾರ ಬೆಳಗಿನ ಐದೂವರೆ. ಥೇಮ್ಸ್ ನದಿಯಿಂದ ಎದ್ದ ಮಂಜು ಸ್ಟುಡಿಯೋದ ಕಿಟಕಿಗಳಿಗೆಲ್ಲ ಅಂಟಿಕೊಂಡಿತ್ತು. ಮೇಕಪ್ ಕೋಣೆಯಲ್ಲಿ ಎನಿಡ್ ಕ್ರಾಬ್ ಚಹಾಕ್ಕೆ ನೀರಿಟ್ಟು, ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಕುಳಿತಿದ್ದಳು. ಅವಳಿಗೆ ಅರವತ್ತಕ್ಕೆ ಎರಡು ವರ್ಷ ಕಡಿಮೆ. ಮೂವತ್ತು ವರ್ಷ ಬೇರೆಯವರ ಮುಖ ಮಾಡುವುದರಲ್ಲೇ ಕಳೆದಿತ್ತು. ಸ್ಟುಡಿಯೋದಲ್ಲಿ ಮುಕ್ಕಾಲು ಪಾಲು ಜನ ಅವಳನ್ನು ‘ಮಾ’ ಎಂದೇ ಕರೆಯುತ್ತಿದ್ದರು.

ಎದುರಿನ ಕುರ್ಚಿಯಲ್ಲಿ ಕಾಲು ಮಡಚಲು ಜಾಗ ಸಾಲದೆ ಕುಳಿತಿದ್ದವನು ಪರ್ಸಿ ಟಾಂಕ್ಸ್. ಆರೂವರೆ ಅಡಿಯ ಆಳು, ಮೊನ್ನೆಮೊನ್ನೆಯವರೆಗೆ ಮನೆಮನೆಗೆ ಕಲ್ಲಿದ್ದಲು ಹೊರುತ್ತಿದ್ದ. ಎತ್ತರ ನೋಡಿಯೇ ಅವನನ್ನು ರಾಕ್ಷಸನ ಪಾತ್ರಕ್ಕೆ ಕರೆತಂದಿದ್ದರು. ಕಥೆ ಇಷ್ಟೇ: ಜೌಗಿನಲ್ಲಿ ಮುಳುಗಿ ಸತ್ತವನೊಬ್ಬನನ್ನು ಕೋಟೆಯ ದೊರೆ ಮೇಲೆತ್ತಿಸಿ ಜೀವ ಕೊಡುತ್ತಾನೆ. ಅವನ ರೂಪಕ್ಕೆ ಹೆದರಿದ ಊರವರು ಅವನನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ ಸುಡುತ್ತಾರೆ.

“ಒಂದು ಮಾತೂ ಇಲ್ಲ ನಂಗೆ, ಮಾ,” ಎಂದ ಪರ್ಸಿ. “ಬರೀ ಗುರ್ ಅನ್ನೋದು. ಅದಕ್ಕೆ ನಮ್ಮನೆ ನಾಯಿನೇ ಸಾಕಿತ್ತು.”

“ನಾಯಿ ಆಗಿದ್ರೆ ಸುಮ್ನಿರು ಅಂದ್ರೆ ಸುಮ್ನಿರ್ತಿತ್ತು. ಗದ್ದ ಎತ್ತು.”

ಸಿನಿಮಾದವರ ಕೆಲಸದ ರೀತಿಯೇ ಬೇರೆ. ಅಲ್ಲಿ ಸಾವು ಮೊದಲು, ಹುಟ್ಟು ಆಮೇಲೆ. ಹೊರಗಿನ ಬಯಲಿನಲ್ಲಿ ಕಟ್ಟಿದ್ದ ಮರದ ಕೊಟ್ಟಿಗೆಗೆ ಬೆಂಕಿ ಇಡಲು ಅಗ್ನಿಶಾಮಕದವರು ಆ ಒಂದೇ ದಿನ, ಅದೂ ಮಧ್ಯಾಹ್ನದವರೆಗೆ ಮಾತ್ರ ಬರುತ್ತೇವೆಂದಿದ್ದರು. ಹಾಗಾಗಿ ಪರ್ಸಿ ತನ್ನ ಮೊದಲ ದಿನವೇ ಸಾಯಬೇಕಾಗಿತ್ತು. ಮೊದಲ ದಿನ ಫಿಲ್ಮಿನ ಮೇಲೆ ಯಾವ ಮುಖ ಬಿತ್ತೋ ಕೊನೆಯವರೆಗೂ ಅದೇ ಮುಖ. ಹೊಲಿಗೆಯ ಗುರುತು ಎಷ್ಟು, ಅಂಗಿಯ ಯಾವ ಗುಂಡಿ ಕಿತ್ತುಹೋಗಿದೆ ಎಂಬುದನ್ನೆಲ್ಲ ಬರೆದಿಡಲು ಮ್ಯೂರಿಯಲ್ ಎಂಬ ಹೆಂಗಸು ಕ್ಯಾಮೆರಾದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು.

ಆರೂಕಾಲಿಗೆ ನಿರ್ದೇಶಕ ರಸ್‌ಬ್ರಿಜ್ ಒಂದು ಸಣ್ಣ ಡಬ್ಬಿ ಹಿಡಿದು ಒಳಗೆ ಬಂದ. ಡಬ್ಬಿಯಲ್ಲಿ ಹಾಲಿನ ಬಣ್ಣದ ಎರಡು ಗಾಜಿನ ಚಿಪ್ಪುಗಳಿದ್ದವು. ಕಣ್ಣಿನೊಳಗೆ ಕೂರಿಸಿದರೆ ಪಾಪೆ ಕಾಣದೆ ಬರೀ ಬಿಳುಪು ಕಾಣುತ್ತದೆ. ಕೂರಿಸುವ ರೀತಿಯನ್ನು ಅದನ್ನು ಮಾಡಿದವನಿಂದ ಕಲಿತು ಬಂದವಳು ಎನಿಡ್ ಒಬ್ಬಳೇ.

“ಇವತ್ತು ಇದನ್ನ ಹಾಕಿ, ಮಿಸೆಸ್ ಕ್ರಾಬ್.”

“ಹಾಕಲ್ಲ, ಸಾರ್.”

ರಸ್‌ಬ್ರಿಜ್ ಕೋಪದ ಮನುಷ್ಯನಲ್ಲ. ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಳಿತು ಹೇಳಿದ: “ಹೋದ ಚಿತ್ರದಲ್ಲಿ ಜನ ರಾಕ್ಷಸನ್ನ ನೋಡಿ ನಕ್ರು. ಲೀಡ್ಸ್‌ನಲ್ಲಿ ಪರದೆಗೆ ಕಿತ್ತಳೆ ಸಿಪ್ಪೆ ಎಸೆದ್ರಂತೆ. ಈ ಸಲ ಹೆದರಬೇಕು. ಕಣ್ಣು ಕಂಡ್ರೆ ಪಾಪ ಅಂತಾರೆ. ಪಾಪ ಅಂದವರು ಹೆದರ್ತಾರಾ?”

“ಮುಖಕ್ಕೆ ಹೆದರ್ಲಿ. ಎಷ್ಟು ಬೇಕೋ ಅಷ್ಟು ಕೆಡಿಸಿ ಕೊಡ್ತೀನಿ. ಕಣ್ಣು ಅವನದೇ ಇರ್ಲಿ.”

ಈ ಹಟ ಅವಳಲ್ಲಿ ಅಂದು ಹುಟ್ಟಿದ್ದಲ್ಲ. ಅವಳ ಅಣ್ಣ ಆರ್ಥರ್ ಮೊದಲ ಮಹಾಯುದ್ಧದಿಂದ ಅರ್ಧ ದವಡೆ ಕಳೆದುಕೊಂಡು ಮರಳಿದ್ದ. ಆಸ್ಪತ್ರೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅಂಥವರಿಗೆಂದೇ ನೀಲಿ ಬಣ್ಣ ಬಳಿದ ಬೆಂಚುಗಳಿದ್ದವು. ನೀಲಿ ಕಂಡರೆ ಊರವರು ಮುಂಚೆಯೇ ಮುಖ ತಿರುಗಿಸಿಕೊಳ್ಳಲಿ ಎಂದು. ಒಮ್ಮೆ ಅವಳು ಅವನನ್ನು ಸಿನಿಮಾಕ್ಕೆ ಕರೆದೊಯ್ದಿದ್ದಳು. ಪರದೆಯ ಮೇಲೆ ರಾಕ್ಷಸ ಬಂದಾಗ ಜನ ಕಿರುಚಿದರು. ಆರ್ಥರ್ ಅವಳ ಕಿವಿಗೆ ಬಾಗಿ, ತನ್ನ ಒಡೆದ ಮಾತಿನಲ್ಲಿ, “ಅವನು ಎಲ್ರನ್ನೂ ನೋಡ್ತಿದಾನೆ ಕಣೆ, ಒಬ್ರೂ ತಿರುಗಿ ನೋಡ್ತಿಲ್ಲ,” ಎಂದಿದ್ದ. ಅವನು ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಆ ಮಾತನ್ನು ಅವಳು ಯಾರೊಂದಿಗೂ ಆಡಿರಲಿಲ್ಲ, ರಸ್‌ಬ್ರಿಜ್‌ನ ಮುಂದೆಯೂ ಆಡಲಿಲ್ಲ.

“ಶನಿವಾರ ಇವನಿಗೆ ಹಾಕಿ ನೋಡ್ದೆ,” ಎಂದಳು. “ಹತ್ತು ನಿಮಿಷಕ್ಕೆ ಕಣ್ಣು ಕೆಂಡ ಆಯ್ತು. ಗಾಜಿದ್ರೆ ಅವನಿಗೆ ಏನೂ ಕಾಣ್ಸಲ್ಲ. ಕುರುಡಾಗಿ ಬೆಂಕಿ ಒಳಗೆ ನಿಲ್ಲಿಸ್ತೀರಾ? ಅಷ್ಟು ಬೇಕಿದ್ರೆ ನೀವೇ ಹಾಕಿ, ಸಾರ್. ನನ್ನ ಕೈ ಹಾಕಲ್ಲ.”

ಪರ್ಸಿ ತನ್ನ ಚಹಾ ಬಟ್ಟಲನ್ನೇ ನೋಡುತ್ತಿದ್ದ. ರಸ್‌ಬ್ರಿಜ್ ಗಡಿಯಾರ ನೋಡಿಕೊಂಡ.

“ಸರಿ. ಇವತ್ತು ಕಣ್ಣು ಮುಚ್ಕೊಂಡೇ ಸಾಯ್ಲಿ. ರೆಪ್ಪೆ ಮೇಲೆ ಹತ್ತಿ ಅಂಟಿಸಿ. ಹಿಂಬಾಗಿಲಲ್ಲಿ ಕೈ ಹಿಡಿದು ಎಳೆಯೋಕೆ ಒಬ್ಬ ಇರ್ತಾನೆ. ನಾಳೆಯಿಂದ ಗಾಜು. ಹಾಕ್ತೀರೋ, ಬೇರೆಯವರನ್ನ ಕರೆಸ್ಲೋ, ಯೋಚ್ನೆ ಮಾಡಿ,” ಎಂದು ಎದ್ದು ಹೋದ.

ಎನಿಡ್ ಮೂರು ಗಂಟೆ ಕೆಲಸ ಮಾಡಿದಳು. ಹಣೆ ಉಬ್ಬಿತು, ಒಂದು ಕೆನ್ನೆ ಕೊಳೆತ ಸೇಬಿನ ಹಾಗೆ ಒಳಗೆ ಹೋಯಿತು, ತುಟಿ ಹರಿಯಿತು. ಅವಳು ಅಷ್ಟು ಕೆಟ್ಟ ಮುಖವನ್ನು ಅದುವರೆಗೆ ಮಾಡಿರಲಿಲ್ಲ. ಕೊನೆಗೆ ರೆಪ್ಪೆಗಳಿಗೆ ಬರೀ ಬಣ್ಣ ಸವರಿ ಕುಂಚ ಕೆಳಗಿಟ್ಟಳು.

“ರೆಪ್ಪೆಗೆ ನಾನು ಅಂಟು ಹಾಕಿಲ್ಲ, ಪರ್ಸಿ.”

“ಮುಚ್ಕೊಂಡೇ ಇರ್ಬೇಕು ಅಂದ್ರಲ್ಲ ಅವ್ರು.”

“ಅಂದ್ರು. ತೆರೀಬೇಕು ಅಂತ ನಿಂಗೆ ಅನ್ಸಿದ್ರೆ ತೆರಿ. ತೆರೆದ್ರೆ ಜನರನ್ನ ನೋಡು, ನೆಲ ನೋಡ್ಬೇಡ. ಬೈದ್ರೆ ನನ್ನ ಹೆಸರು ಹೇಳು.”

ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಹರಿದ ತುಟಿಯಲ್ಲಿ ಮಾತು ಸರಾಗವಾಗಿ ಬರುತ್ತಿರಲಿಲ್ಲ. “ಕಲ್ಲಿದ್ದಲು ಹೊತ್ಕೊಂಡು ಹೋದಾಗ, ಮಾ, ಹೆಂಗಸ್ರು ಮೂಟೆ ನೋಡೋರು, ಮೆಟ್ಲ ಮೇಲೆ ಬಿದ್ದ ಮಸಿ ನೋಡೋರು. ಹನ್ನೊಂದು ವರ್ಷ ಒಂದೇ ಬೀದೀಲಿ ಹೊತ್ತೆ. ಸಂತೆ ದಿನ ಸ್ನಾನ ಮಾಡಿ ನಿಂತ್ರೆ ಒಬ್ರಿಗೂ ಗುರ್ತೇ ಸಿಕ್ತಿರ್ಲಿಲ್ಲ.”

“ಹಂಗಾದ್ರೆ ನಾನು ಹೇಳ್ಕೊಡೋದು ಏನೂ ಇಲ್ಲ. ಏಳು.”

ಹನ್ನೊಂದು ಗಂಟೆಗೆ ಕೊಟ್ಟಿಗೆಗೆ ಬೆಂಕಿ ಇಟ್ಟರು. ಪಂಜು ಹಿಡಿದ ಮೂವತ್ತು ಮಂದಿ ಊರವರ ವೇಷದಲ್ಲಿ ಕೂಗುತ್ತಿದ್ದರು. ಪರ್ಸಿ ಬಾಗಿಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ. ಹಿಂದೆ ಹುಲ್ಲು ಹೊತ್ತಿಕೊಂಡಿತು. ಆಗ ಅವನು ಕಣ್ಣು ತೆರೆದ. ಕೈ ಎತ್ತಲಿಲ್ಲ, ಗುರ್ ಎನ್ನಲಿಲ್ಲ. ಎದುರಿನ ಮುಖಗಳನ್ನು ಒಂದೊಂದಾಗಿ, ಯಾರನ್ನೂ ಬಿಡದೆ, ನೋಡುತ್ತ ಹೋದ. ಊರವರ ಕೂಗು ಅಲ್ಲಲ್ಲಿ ನಿಂತಿತು. ಮುದುಕನೊಬ್ಬ ಪಂಜು ಕೆಳಗಿಳಿಸಿದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಸ್‌ಬ್ರಿಜ್ ನಿಲ್ಲಿಸಿ ಎನ್ನಲು ಬಾಯಿ ತೆರೆದ, ಅನ್ನಲಿಲ್ಲ. ಪರ್ಸಿ ಹಿಂಬಾಗಿಲಿನಿಂದ ಹೊರಬಿದ್ದ ಮೇಲೆ ಸೂರು ಕುಸಿಯಿತು. ಇನ್ನೊಮ್ಮೆ ತೆಗೆಯೋಣವೆಂದರೆ ಅಲ್ಲಿ ಬೂದಿ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಹಿಂದಿನ ದಿನ ತೆಗೆದದ್ದನ್ನು ಮರುದಿನ ಊಟದ ಹೊತ್ತಿಗೆ ಎಲ್ಲರೂ ಕೂತು ನೋಡುವುದು ಅಲ್ಲಿನ ಪದ್ಧತಿ. ಅದನ್ನು ನೋಡುವವರೆಗೆ ಪರ್ಸಿಯ ದೃಶ್ಯ ತೆಗೆಯುವುದು ಬೇಡವೆಂದು ನಿರ್ದೇಶಕ ಹೇಳಿದ್ದ. ಎನಿಡ್ ಹಿಂದಿನ ಸಾಲಿನಲ್ಲಿ ಕುಳಿತಳು. ತುಣುಕು ಮುಗಿಯಿತು. ಯಾರೂ ಸ್ಯಾಂಡ್‌ವಿಚ್ ಪೊಟ್ಟಣ ಬಿಚ್ಚಲಿಲ್ಲ.

“ಕಣ್ಣು ತೆರೆಯೋಕೆ ಮುಂಚೆನೇ ಕತ್ತರಿಸ್ಬೋದು, ಸಾರ್,” ಎಂದಳು ಮ್ಯೂರಿಯಲ್, ಪೆನ್ಸಿಲ್ ಹಿಡಿದು. “ಹಂಗೆ ಮಾಡಿದ್ರೆ ಬಾಕಿ ದಿನ ಗಾಜು ಹಾಕೋಕೆ ತೊಂದ್ರೆ ಇಲ್ಲ. ಏನಂತ ಬರೀಲಿ?”

“ಇನ್ನೊಂದ್ಸಲ ಓಡಿಸಿ,” ಎಂದ ರಸ್‌ಬ್ರಿಜ್.

ಇನ್ನೊಂದು ಸಲ ಓಡಿಸಿದರು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

“ಕತ್ತರಿಸ್ಬೇಡ. ಕಣ್ಣು ಅವನದೇ ಅಂತ ಬರಿ.”

ಆಮೇಲೆ ಬಾಗಿಲ ಬಳಿ ಎನಿಡಳನ್ನು ತಡೆದು ನಿಲ್ಲಿಸಿದ. “ಸರಿ ಹೇಳಿದ್ದು ನೀವೇ. ಆದ್ರೂ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ. ಅಂಟಿಸಿ ಅಂದೆ, ಅಂಟಿಸಿದ್ದೀನಿ ಅನ್ನೋ ಹಾಗೆ ಕಳ್ಸಿದ್ರಿ. ಬೆಂಕಿ ಮುಂದೆ ನಿಂತಾಗ ಹೇಳಿದ್ದು ಆಗಿದೆ ಅಂತ ನಾನು ನಂಬೋ ಹಾಗಿರ್ಬೇಕು.”

“ಅದು ನಿಮಗೆ ಬಿಟ್ಟಿದ್ದು, ಸಾರ್. ಬರೋವನಿಗೆ ಆ ಮುಖ ಮಾಡೋಕೆ ಬರುತ್ತಾ?”

“ಕಲಿಸಿ ಹೋಗಿ.”

ಬುಧವಾರ ಲಂಡನ್ನಿನಿಂದ ಹೊಸಬ ಬಂದ. ಹಣೆಗೆ ಹತ್ತಿ ಎಷ್ಟು ಪದರ, ಕೆನ್ನೆ ಒಳಗೆಳೆಯುವುದು ಹೇಗೆ ಎಂದು ಅವಳು ಒಂದನ್ನೂ ಮುಚ್ಚಿಡದೆ ಕಲಿಸಿದಳು. ರೆಪ್ಪೆಯ ಹತ್ತಿರ ಬಂದಾಗ ಅವನ ಕೈಯಿಂದ ಅಂಟಿನ ಬಾಟಲಿ ತೆಗೆದುಕೊಂಡು, “ಇಲ್ಲಿಗೆ ಇದು ಬೇಡ,” ಎಂದಳು. ಗುರುವಾರ ಅವನು ಒಬ್ಬನೇ ಮುಖ ಮಾಡಿದ, ಅವಳು ಪಕ್ಕದಲ್ಲಿ ನಿಂತು ನೋಡಿದಳು. ಶುಕ್ರವಾರ ನಿಲ್ಲಬೇಕಾದ ಅಗತ್ಯವೂ ಕಾಣಲಿಲ್ಲ.

ಪರ್ಸಿ ಆ ಬಣ್ಣದ ಮುಖದಲ್ಲೇ ಅವಳ ಪೆಟ್ಟಿಗೆ ಹೊತ್ತು ಗೇಟಿನವರೆಗೆ ಬಂದ. ಬಸ್ಸಿನಲ್ಲಿದ್ದ ಹೆಂಗಸರಿಬ್ಬರು ಕೂತಲ್ಲಿಂದ ಎದ್ದೇಬಿಟ್ಟರು. ಅವನು ಅವರಿಗೆ ತಲೆಬಾಗಿ, ಪೆಟ್ಟಿಗೆ ಒಳಗಿಟ್ಟು, ಕೆಳಗಿಳಿದ. ಎನಿಡ್ ಕ್ರಾಬ್ ಸ್ಟುಡಿಯೋ ಬಿಟ್ಟು ಹೋದದ್ದು ಆ ಶುಕ್ರವಾರ, ಮಧ್ಯಾಹ್ನ ಎರಡರ ಬಸ್ಸಿಗೆ.